ಜಾಗ ಅಳೆಸಿದ್ರಿ ಸರಿ, ಮನೆ ನೋಡಿಸಿದ್ರಾ?

ನಮ್ಮ ಕಡೆ ‘ಸರ್ವೆ ಮಾಡಿಸಿದ್ರಾ?’ ಅಂತ ಯಾರಾದ್ರೂ ಕೇಳಿದ್ರೆ ಅದಕ್ಕೆ ಒಂದೇ ಅರ್ಥ. ಸರ್ವೆಯವರು ಬಂದು ಜಾಗ ಅಳೆದ್ರಾ, ಮೂಲೆಗೆ ಕಲ್ಲು ನೆಟ್ರಾ ಅಂತ. ಆ ಜಾಗದ ಮೇಲೆ ನಿಂತಿರೋ ಮನೆಯನ್ನೂ ಸರ್ವೆ ಮಾಡಿಸಬಹುದು ಅನ್ನೋದು ನನಗೂ ಹೊಳೆದಿರಲಿಲ್ಲ. ಆಫೀಸಿನಲ್ಲಿ ನಾಲ್ಕು ಸಾಲಿನ ಕೋಡನ್ನೂ ಇನ್ನೊಬ್ಬರು ನೋಡದೆ ಪ್ರೊಡಕ್ಷನ್‌ಗೆ ಬಿಡದ ನಾನು, ಮೂವತ್ತು ಲಕ್ಷದ ಮನೆಯನ್ನು ಅರ್ಧ ಗಂಟೆ ನೋಡಿ, ಜಗಲಿಯಲ್ಲಿ ಕೂತು ಒಂದು ಲೋಟ ಕಾಫಿ ಕುಡಿದು ‘ಆಯ್ತು’ ಅನ್ನೋಕೆ ಹೊರಟಿದ್ದೆ.

ಅಪ್ಪ ನಿವೃತ್ತರಾಗಿ ಎರಡು ವರ್ಷ ಆಗಿತ್ತು. ನಮ್ಮ ಬೆಂಗಳೂರಿನ ಫ್ಲಾಟಿನ ಏಳನೇ ಮಹಡಿಯ ಬಾಲ್ಕನಿಯಲ್ಲಿ ಕೂತು ಪೇಪರ್ ಓದಿ ಮುಗಿಸಿದ ಮೇಲೆ ಅವರಿಗೆ ದಿನ ಮುಗಿದ ಹಾಗೇ. ‘ಊರ ಕಡೆ ಒಂದು ಸಣ್ಣ ಮನೆ ನೋಡೋಣ’ ಅಂತ ಅವರು ಕೇಳಲಿಲ್ಲ, ನಾವೇ ಅಂದ್ವಿ. ಹುಡುಕಿದಾಗ ಸಿಕ್ಕಿದ್ದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಹಂಚಿನ ಮನೆ. ಹಿತ್ತಲು, ಬಾವಿ, ಕೊಟ್ಟಿಗೆ ಸೇರಿ 12 ಗುಂಟೆ. ಹೇಳಿದ ಬೆಲೆ 34 ಲಕ್ಷ. ಮಾರುವವರು ಎಪ್ಪತ್ತು ದಾಟಿದ ಯಜಮಾನರು, ಒಬ್ಬರೇ ಇದ್ದರು. ‘ನಮ್ಮಜ್ಜ ಕಟ್ಟಿಸಿದ್ದು. ಇಷ್ಟು ವರ್ಷ ನಿಂತಿದೆ, ಇನ್ನೂ ನೂರು ವರ್ಷ ನಿಲ್ಲುತ್ತೆ’ ಅಂದರು. ಅಪ್ಪನ ಮುಖ ನೋಡಿದರೆ ಅವರಾಗಲೇ ಆ ಮನೆಯಲ್ಲಿ ವಾಸ ಶುರು ಮಾಡಿದ್ದರು.

ಅಡ್ವಾನ್ಸ್ ಕೊಡೋ ಮುಂಚೆ ಸಿವಿಲ್ ಎಂಜಿನಿಯರ್ ಆಗಿರೋ ಕಾಲೇಜು ಗೆಳೆಯನಿಗೆ ಫೋಟೋ ಕಳಿಸಿದೆ. ಅವನು ಒಂದೇ ಪ್ರಶ್ನೆ ಕೇಳಿದ: ‘ಅಟ್ಟ ಹತ್ತಿ ನೋಡಿದ್ಯಾ?’ ಇಲ್ಲ.

ಬ್ಯಾಂಕಿನವರು ನೋಡಲ್ವಾ?

ನಮ್ಮಲ್ಲಿ ಹಲವರು ಅಂದುಕೊಳ್ಳೋದು ಇದೇ. ಸಾಲ ಕೊಡುವಾಗ ಬ್ಯಾಂಕು ಮೌಲ್ಯಮಾಪಕರನ್ನು ಕಳಿಸುತ್ತಲ್ಲ, ಅಷ್ಟು ಸಾಕು ಅಂತ. ಆದರೆ ಅವರು ನೋಡೋದು ಈ ಆಸ್ತಿ ಮಾರಿದರೆ ಕೊಟ್ಟ ಸಾಲ ವಾಪಸ್ ಬರುತ್ತಾ ಅಂತ. ತೊಲೆಗೆ ಗೆದ್ದಲು ಹಿಡಿದಿದೆಯಾ, ಮಳೆಗಾಲದಲ್ಲಿ ಅಡುಗೆಮನೆ ಸೋರುತ್ತಾ ಅನ್ನೋದು ಅವರ ಕೆಲಸ ಅಲ್ಲ. ವಕೀಲರು ಕಾಗದ ನೋಡ್ತಾರೆ, ಸರ್ವೆಯವರು ಗಡಿ ನೋಡ್ತಾರೆ. ಮನೆಯನ್ನು ಮನೆಯಾಗಿ ನೋಡುವವರು ಯಾರೂ ಇಲ್ಲ.

ಬ್ರಿಟನ್ನಿನಲ್ಲಿ ಮನೆ ಕೊಳ್ಳೋರಿಗೆ ಇದಕ್ಕೇ ಅಂತ ಬಿಲ್ಡಿಂಗ್ ಸರ್ವೇಯರುಗಳು ಇದ್ದಾರೆ. ಅವರ ಪರೀಕ್ಷೆಗೆ ಮೂರು ಹಂತ, ಹಳೇ ಮನೆಗೆ ಅತಿ ವಿವರವಾದ ಮೂರನೇ ಹಂತ. ನಮ್ಮ ಹಳ್ಳಿಗಳಲ್ಲಿ ಅಂಥ ವ್ಯವಸ್ಥೆ ಇಲ್ಲ, ನಾವೇ ತಂಡ ಕಟ್ಕೋಬೇಕು. ನಾವು ಕರೆದದ್ದು ಮೂವರನ್ನು: ಸ್ಟ್ರಕ್ಚರಲ್ ಕೆಲಸ ಗೊತ್ತಿರೋ ಎಂಜಿನಿಯರ್, ಹಂಚಿನ ಮನೆಗಳ ಕೆಲಸದಲ್ಲೇ ವಯಸ್ಸು ಕಳೆದ ಒಬ್ಬ ಆಚಾರಿ, ಒಬ್ಬ ಎಲೆಕ್ಟ್ರಿಷಿಯನ್. ಮೂವರೂ ಮಾರುವವರಿಗಾಗಲಿ ಬ್ರೋಕರಿಗಾಗಲಿ ಸಂಬಂಧ ಇಲ್ಲದವರು ಅನ್ನೋದು ಮುಖ್ಯ. ನೀರಿನ ಪರೀಕ್ಷೆ, ಓಡಾಟ ಎಲ್ಲ ಸೇರಿ ಖರ್ಚು ಸುಮಾರು 20 ಸಾವಿರ.

ಹಿಡಿವರೆಗೂ ಇಳಿದ ಸ್ಕ್ರೂಡ್ರೈವರ್

ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಹೋದ್ವಿ. ಯಜಮಾನರಿಗೆ ಮೊದಲೇ ಹೇಳಿದ್ವಿ. ‘ನೋಡಿ, ನೋಡಿ, ಮುಚ್ಚಿಡೋದು ಏನಿದೆ’ ಅಂದರು. ಆದರೂ ಸ್ವಲ್ಪ ಬೇಜಾರಾಗಿದ್ದು ಮುಖದಲ್ಲಿ ಕಾಣಿಸ್ತಿತ್ತು.

ಆಚಾರಿ ತಂದಿದ್ದು ಒಂದು ಟಾರ್ಚ್, ಒಂದು ಸುತ್ತಿಗೆ, ಒಂದು ಉದ್ದನೆಯ ಸ್ಕ್ರೂಡ್ರೈವರ್. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಮರ ಟಣ್ ಅನ್ನುತ್ತೆ, ಒಳಗೆ ಟೊಳ್ಳಾದದ್ದು ಡೊಬ್ ಅನ್ನುತ್ತೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡೋದು. ‘ತೊಲೆಯ ನಡುಭಾಗ ನೋಡಿ ಮೋಸ ಹೋಗ್ಬೇಡಿ. ಮರ ಕೆಡೋದು ಗೋಡೆ ಒಳಗೆ ಕೂತಿರೋ ತುದಿಯಿಂದ. ಅಲ್ಲಿ ಗಾಳಿ ಇಲ್ಲ, ತೇವ ಇರುತ್ತೆ’ ಅಂದರು.

ಮುಂದಿನ ಜಗಲಿ, ನಡುಮನೆ ಎರಡೂ ಗಟ್ಟಿ. ಹಲಸಿನ ಕಂಬಗಳನ್ನು ನೋಡಿ ಆಚಾರಿಯೇ ಖುಷಿಪಟ್ಟರು. ಹಿಂಬದಿಯ ಕೋಣೆಗೆ ಬಂದ್ವಿ. ಗೋಡೆಯ ಮೇಲೆ ಉದ್ದಕ್ಕೂ ಮಲಗಿರೋ ತೊಲೆ, ಅದರ ಮೇಲೆ ಪಕಾಸುಗಳು, ಮೇಲೆ ಹಂಚು. ತೊಲೆಗೆ ಹೊಸದಾಗಿ ಕಂದು ಬಣ್ಣ ಬಳಿದಿತ್ತು. ಆಚಾರಿ ಸ್ಕ್ರೂಡ್ರೈವರ್ ಇಟ್ಟು ಒತ್ತಿದರು. ಬೆಣ್ಣೆಯೊಳಗೆ ಇಳಿದ ಹಾಗೆ ಹಿಡಿವರೆಗೂ ಇಳೀತು. ಹೊರಗೆ ತೆಗೆದಾಗ ಮಣ್ಣು, ಪುಡಿ ಉದುರಿತು. ಹೊರಗೆ ಬಣ್ಣದ ಪದರ, ಒಳಗೆ ಪೂರ್ತಿ ಗೆದ್ದಲು.

ಆ ತೊಲೆಯ ಕೆಳಗೇ ಯಜಮಾನರ ಮಂಚ ಇತ್ತು.

ಯಾರೂ ಮಾತಾಡಲಿಲ್ಲ. ಬಣ್ಣ ಬಳಿದಿದ್ದು ಮುಚ್ಚಿಡೋಕೆ ಅಂತ ನನಗೆ ಒಂದು ಕ್ಷಣ ಅನಿಸಿದ್ದು ನಿಜ. ಅವರ ಮುಖ ನೋಡಿದ ಮೇಲೆ ಅದು ಹೋಯ್ತು. ಮನೆ ಮಾರೋದಕ್ಕೆ ಅಂದ ಕಾಣಲಿ ಅಂತ ಯಾರೋ ಕೂಲಿಯವರ ಕೈಲಿ ಬಳಿಸಿದ್ದರು ಅಷ್ಟೇ. ವರ್ಷಗಟ್ಟಲೆ ಪ್ರತಿ ರಾತ್ರಿ ಅದರ ಕೆಳಗೇ ಮಲಗಿದ್ದರು. ಆಚಾರಿ ಮೆಲ್ಲಗೆ, ‘ಅಯ್ಯಾ, ಇವತ್ತಿಂದ ಇಲ್ಲಿ ಮಲಗ್ಬೇಡಿ’ ಅಂದರು. ಸರ್ವೆ ಅಲ್ಲಿಗೇ ನಿಲ್ಲಿಸಿ, ಕೊಟ್ಟಿಗೆಯಲ್ಲಿದ್ದ ಎರಡು ಕಂಬ ತಂದು ತೊಲೆಗೆ ಆಸರೆ ಕೊಟ್ಟು, ಮಂಚವನ್ನು ನಡುಮನೆಗೆ ಎತ್ತಿಟ್ಟ ಮೇಲೆ ಉಳಿದ ಕೆಲಸ ಮುಂದುವರಿಸಿದ್ವಿ.

ಏನೇನು ನೋಡಿಸಬೇಕು

ಬಿರುಕು: ಗೋಡೆಯಲ್ಲಿ ಬಿರುಕಿದ್ದ ತಕ್ಷಣ ಹೆದರಬೇಕಿಲ್ಲ. ಕೂದಲೆಳೆಯಂಥವು ಸಾಮಾನ್ಯವಾಗಿ ಗಿಲಾವಿನ ಬಿರುಕುಗಳು. 5 ಮಿಲಿಮೀಟರಿಗಿಂತ ಅಗಲ, ಓರೆಯಾಗಿ ಮೆಟ್ಟಿಲಿನಂತೆ ಇಳಿದದ್ದು, ಒಳಗೂ ಹೊರಗೂ ಒಂದೇ ಕಡೆ ಕಾಣೋದು, ಇವಕ್ಕೆ ಎಂಜಿನಿಯರ್ ಬೇಕು. ಬಿರುಕು ಹಳೇದಾ, ಇನ್ನೂ ಬೆಳೀತಿದೆಯಾ ಅಂತ ತಿಳಿಯೋಕೆ ಅದರ ಮೇಲೆ ಅಡ್ಡಲಾಗಿ ಗಾಜಿನ ತೆಳು ಪಟ್ಟಿ ಅಂಟಿಸಿ ದಿನಾಂಕ ಬರೆದಿಡ್ತಾರೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತೆ.

ವಾಲಿಕೆ: ತೂಕದ ಗುಂಡು ಇಳಿಬಿಟ್ಟು ಗೋಡೆ ನೆಟ್ಟಗಿದೆಯಾ ನೋಡಬೇಕು. ನಮ್ಮ ಮನೆಯ ಹಿಂದಿನ ಗೋಡೆ ಎರಡು ಇಂಚು ಹೊರಕ್ಕೆ ವಾಲಿತ್ತು. ಕಾರಣ ಅಡಿಪಾಯ ಅಲ್ಲ. ತೊಲೆ ಕೊಳೆತು ಮಾಡಿನ ಭಾರ ಗೋಡೆಯನ್ನು ಹೊರಗೆ ತಳ್ಳುತ್ತಿತ್ತು. ಸಂಶಯ ಇದ್ದರೆ ಗೋಡೆ ಪಕ್ಕ ಒಂದು ಸಣ್ಣ ಗುಂಡಿ ತೆಗೆಸಿ ಅಡಿಪಾಯ ಎಷ್ಟು ಆಳ ಇದೆ ಅಂತ ನೋಡಬಹುದು, ಮಾಲೀಕರ ಒಪ್ಪಿಗೆ ಕೇಳಿ.

ತೇವ: ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು, ಅದರ ಮೇಲೆ ಆಯಿಲ್ ಪೇಂಟ್. ನೋಡೋಕೆ ಚಂದ, ಗೋಡೆಗೆ ಉಸಿರುಗಟ್ಟುತ್ತೆ. ಮಣ್ಣು, ಸುಣ್ಣದ ಗೋಡೆ ನೆಲದಿಂದ ಹೀರಿದ ತೇವವನ್ನು ಗಾಳಿಗೆ ಬಿಡುತ್ತೆ, ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತೆ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಬಿಳಿ ಉಪ್ಪು, ಉಬ್ಬಿದ ಬಣ್ಣ ಕಂಡರೆ ಇದೇ ಕಥೆ. ಹೊರಗಿನ ಅಂಗಳ ಒಳಗಿನ ನೆಲಕ್ಕಿಂತ ಎತ್ತರ ಆಗಿದೆಯಾ ಅಂತಲೂ ನೋಡಿ.

ಮಾಡು: ಮಂಗಳೂರು ಹಂಚು 1860ರ ದಶಕದಿಂದ ನಮ್ಮ ಕರಾವಳಿಯಲ್ಲಿ ತಯಾರಾಗ್ತಿದೆ. ಒಡೆದ ಹಂಚು ಬದಲಿಸೋದು ಸುಲಭ. ಕಷ್ಟ ಇರೋದು ಎರಡು ಸೂರು ಸೇರೋ ಕಡೆ ಹಾಕಿರೋ ತಗಡಿನ ದೋಣಿಯಲ್ಲಿ. ಅದು ತುಕ್ಕು ಹಿಡಿದರೆ ನೀರು ನೇರ ಮರಕ್ಕೆ. ಕೊಟ್ಟಿಗೆಗೆ ಹಳೇ ಕಲ್ನಾರಿನ ಶೀಟು ಇದ್ದರೆ ಒಡೆಯೋದು, ಕೊರೆಯೋದು ಬೇಡ, ಆ ದೂಳು ಶ್ವಾಸಕೋಶಕ್ಕೆ ಅಪಾಯ.

ವಿದ್ಯುತ್: ಮರದ ಪಟ್ಟಿಯ ಮೇಲಿನ ಹಳೇ ವೈರಿಂಗಿನಲ್ಲಿ ಅರ್ಥಿಂಗ್ ಇರೋದೇ ಅನುಮಾನ. ಹೊಸದಾಗಿ ಮಾಡಿಸುವಾಗ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಬರೆದಿರುತ್ತೆ. ಗೀಸರ್, ಪಂಪು ಎಲ್ಲ ಅದರಲ್ಲಿ ನಡೆಯುತ್ತಾ ಲೆಕ್ಕ ಹಾಕಿ.

ನೀರು: ಬಾವಿ ಫೆಬ್ರವರಿಯಲ್ಲಿ ತುಂಬಿದೆ ಅಂದರೆ ಸಾಲದು, ಏಪ್ರಿಲ್ ಕೊನೆಯಲ್ಲಿ ಎಷ್ಟಿರುತ್ತೆ ಅಂತ ಪಕ್ಕದ ಮನೆಯವರನ್ನು ಕೇಳಿ. ಮಾದರಿಯನ್ನು ಲ್ಯಾಬಿಗೆ ಕೊಡಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ 100 ಮಿಲಿಲೀಟರಿನಲ್ಲಿ ಒಂದೂ ಇ-ಕೋಲಿ ಇರಬಾರದು. ಇಂಗುಗುಂಡಿ ಬಾವಿಯಿಂದ ಕನಿಷ್ಠ 15 ಮೀಟರ್ ದೂರ ಇರಲಿ.

ಧರೆ: ಮಲೆನಾಡಿನಲ್ಲಿ ಇದನ್ನು ಮರೆಯಲೇಬೇಡಿ. ಮನೆ ಹಿಂದೆ ಗುಡ್ಡ ಕಡಿದು ಜಾಗ ಮಾಡಿದ್ದರೆ ಆ ಧರೆ ಎಷ್ಟು ಎತ್ತರ, ಮೇಲಿನ ನೀರು ಎಲ್ಲಿಗೆ ಹರಿಯುತ್ತೆ ಅಂತ ನೋಡಿಸಿ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳೋದು ಸುಮಾರು 1,000 ಮಿಲಿಮೀಟರ್ ಮಳೆ. ಅದೇ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಹೆಚ್ಚು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಹೇಗೆ ಜಾರಿದವು ಅನ್ನೋದು ನೆನಪಿರಲಿ.

ಕಾಗದದ ವಿಷಯ ಎರಡೇ ಮಾತು. ಪಂಚಾಯಿತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಇದೆಯಾ, ಅದರಲ್ಲಿರೋ ಅಳತೆಗೂ ಎದುರಿಗಿರೋ ಕಟ್ಟಡಕ್ಕೂ ತಾಳೆ ಆಗುತ್ತಾ ನೋಡಿ. ಋಣಭಾರ ಪತ್ರವನ್ನು ಕಾವೇರಿ ಪೋರ್ಟಲಿನಲ್ಲಿ ತೆಗೀಬಹುದು. ಪಿತ್ರಾರ್ಜಿತ ಮನೆಯಾದರೆ ಹೆಣ್ಣುಮಕ್ಕಳ ಸಹಿಯೂ ಬೇಕು. 2005ರ ತಿದ್ದುಪಡಿಯಿಂದ ಅವರಿಗೂ ಸಮಾನ ಹಕ್ಕಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿದೆ.

ಮೂರು ಪಟ್ಟಿ

ವಾರ ಬಿಟ್ಟು ಎಂಜಿನಿಯರ್ 14 ಪುಟದ ವರದಿ ಕೊಟ್ಟರು. ಓದಿ ಅಮ್ಮ ‘ಈ ಮನೆ ಬೇಡ್ವೇ ಬೇಡ’ ಅಂದಳು. ಅಪ್ಪ ಮಾತೇ ಆಡಲಿಲ್ಲ. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ವರದಿ ಅಂದರೆ ಬ್ಲಡ್ ಟೆಸ್ಟ್ ಇದ್ದ ಹಾಗೆ, ಕೆಂಪು ಅಕ್ಷರ ಕಂಡ ತಕ್ಷಣ ಕೈಬಿಡೋದಲ್ಲ. ಯಾವುದು ಎಷ್ಟು ಗಂಭೀರ ಅಂತ ವಿಂಗಡಿಸಬೇಕು.

ನಾವು ಮೂರು ಪಟ್ಟಿ ಮಾಡಿದ್ವಿ. ಮೊದಲನೇದು ಜೀವಕ್ಕೆ ಅಪಾಯ ಇರೋದು: ಹಿಂಬದಿಯ ತೊಲೆ, ವಾಲಿದ ಗೋಡೆ, ವೈರಿಂಗಿನ ಒಂದು ಭಾಗ. ಎರಡನೇದು ಮಳೆಗೆ ಮುಂಚೆ ಆಗಲೇಬೇಕಾದದ್ದು: ಧರೆಯ ಮೇಲೆ ಚರಂಡಿ, ರೀಪುಗಳು, ಸಿಮೆಂಟ್ ಕಿತ್ತು ಸುಣ್ಣದ ಗಿಲಾವು. ಮೂರನೇದು ನಮ್ಮ ಸೌಕರ್ಯ: ಹೊಸ ಬಚ್ಚಲು, ಅಡುಗೆಮನೆ, ಇನ್ವರ್ಟರ್. ಮೊದಲೆರಡಕ್ಕೆ ಅಂದಾಜು 6 ಲಕ್ಷ.

ಬೆಲೆ ಮಾತಾಡುವಾಗ ಮೂರನೇ ಪಟ್ಟಿಯನ್ನು ಎತ್ತಲೇ ಇಲ್ಲ. ನಮಗೆ ವೆಸ್ಟರ್ನ್ ಕಮೋಡ್ ಬೇಕು ಅನ್ನೋದಕ್ಕೆ ಅವರು ಯಾಕೆ ದುಡ್ಡು ಬಿಡಬೇಕು? ವರದಿಯ ಒಂದು ಪ್ರತಿಯನ್ನು ಅವರಿಗೂ ಕೊಟ್ಟು ‘ಮಗಳಿಗೆ, ಮಗನಿಗೆ ತೋರಿಸಿ, ನಿಧಾನ ಯೋಚಿಸಿ’ ಅಂದ್ವಿ. ನಾಲ್ಕು ದಿನ ಬಿಟ್ಟು ಅವರೇ ಫೋನ್ ಮಾಡಿದರು. 29 ಲಕ್ಷಕ್ಕೆ ಮಾತು ಮುಗೀತು. ಇನ್ನೂ ಎಳೆದಾಡಬಹುದಿತ್ತು ಅಂತ ಬ್ರೋಕರ್ ಹೇಳಿದ. ಇರಬಹುದು. ವರದಿ ನಮಗೆ ಕೊಟ್ಟಿದ್ದು ಹತ್ಯಾರ ಅಲ್ಲ, ಎದುರುಬದುರು ಕೂತು ಮಾತಾಡೋಕೆ ಒಂದು ಲೆಕ್ಕ.

ವರದಿ ಹೇಳಿದ್ದು, ನಾವು ಓದದಿದ್ದು

ಮಾರ್ಚಿನಲ್ಲಿ ನೋಂದಣಿ ಆಯ್ತು. ಮೃಗಶಿರಾ ಮಳೆ ಹಿಡಿಯೋದರೊಳಗೆ ಮಾಡಿನ ಕೆಲಸ ಮುಗಿಸಬೇಕು ಅಂತ ಎರಡು ತಿಂಗಳು ಓಡಾಡಿದ್ದೇ ಓಡಾಡಿದ್ದು. ಅಂದಾಜು 6 ಲಕ್ಷ ಇದ್ದದ್ದು 7 ಲಕ್ಷ 20 ಸಾವಿರಕ್ಕೆ ನಿಂತಿತು. ಹಳೇ ಮನೆಗೆ ಅಂದಾಜಿನ ಮೇಲೆ ಐದನೇ ಒಂದು ಭಾಗ ಹೆಚ್ಚು ಇಟ್ಕೊಳ್ಳಿ ಅಂತ ನಮ್ಮ ಅನುಭವ.

ಜೂನ್ ಕೊನೆಯ ಜಡಿಮಳೆಗೆ ಅಡುಗೆಮನೆ ಮೂಲೆ ಸೋರಿತು. ಎರಡು ಸೂರು ಸೇರೋ ಅದೇ ತಗಡಿನ ದೋಣಿ. ಸಿಟ್ಟಲ್ಲಿ ವರದಿ ತೆಗೆದು ನೋಡಿದರೆ 11ನೇ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಪರೀಕ್ಷೆ ಒಣಗಾಲದಲ್ಲಿ ಮಾಡಿದ್ದು, ದೋಣಿಯ ಸ್ಥಿತಿಯನ್ನು ಮಳೆಯಲ್ಲಿ ಮತ್ತೊಮ್ಮೆ ನೋಡಬೇಕು ಅಂತ. ಬೆಲೆಯ ಲೆಕ್ಕ ಮುಗಿದ ಮೇಲೆ ನಾವ್ಯಾರೂ ಆ ಪುಟ ತಿರುಗಿಸಿರಲಿಲ್ಲ. ಆದ್ದರಿಂದ ನನ್ನ ಸಲಹೆ: ಸಾಧ್ಯವಾದರೆ ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಮನೆ ನೋಡಿ. ಆಗದಿದ್ದರೆ ವರದಿಯನ್ನು ಕೊನೇ ಪುಟದವರೆಗೆ ಓದಿ. ‘ನೋಡಲಾಗಲಿಲ್ಲ’ ಅಂತ ಬರೆದಿರೋ ಸಾಲುಗಳು ‘ನೋಡಿದೆ’ ಅನ್ನೋ ಸಾಲುಗಳಷ್ಟೇ ಮುಖ್ಯ.

ಅಪ್ಪ ಈಗ ಅಲ್ಲೇ ಇದ್ದಾರೆ. ದೀಪಾವಳಿ ಮರುದಿನ ಯಜಮಾನರು ಮಗಳ ಜೊತೆ ಬಂದಿದ್ದರು. ಕಾಫಿ ಕುಡಿದು ಸೀದಾ ಹಿಂಬದಿ ಕೋಣೆಗೆ ಹೋಗಿ ಹೊಸ ಮತ್ತಿ ಮರದ ತೊಲೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅಪ್ಪನಿಗೆ, ‘ಸ್ಕ್ರೂಡ್ರೈವರ್ ಇದ್ರೆ ಕೊಡಿ’ ಅಂದರು. ಸ್ಟೂಲ್ ಹತ್ತಿ ತಾವೇ ಒತ್ತಿ ನೋಡಿದರು. ಒಂದು ಕೂದಲಷ್ಟೂ ಇಳಿಯಲಿಲ್ಲ.

‘ಗಟ್ಟಿ ಇದೆ, ಮಲಗಿ’ ಅಂದರು.