ಅಜ್ಜಿಯ ಕಿಟಕಿ ಸರಿಯಿತು, ಬಿಸಿಲು ಮಾತ್ರ ಅಲ್ಲೇ ಉಳಿಯಿತು!

“ಪುಟ್ಟಾ, ಕಿಟಕಿ ಇಲ್ಲಿರಲಿಲ್ಲ ಕಣೋ. ಬಾಗಿಲಿಗೆ ಇನ್ನೂ ಹತ್ರ ಇತ್ತು. ಅದರ ಬಿಸಿಲಲ್ಲೇ ಕೂತ್ಕೊಂಡು ನಾನು ಅಕ್ಕಿ ಆರಿಸ್ತಿದ್ದೆ.”

ಫೋನ್ ನೋಡುತ್ತಾ ಅಜ್ಜಿ ಹೀಗಂದಾಗ ನನ್ನ ಮೂರು ವಾರದ ರಾತ್ರಿ ಕೆಲಸ ಕಣ್ಣ ಮುಂದೆ ಬಂತು. ಫೋನಿನಲ್ಲಿದ್ದದ್ದು ನಮ್ಮ ರಾಜಾಜಿನಗರದ ಹಳೇ ಮನೆ. 30-40 ಸೈಟು, ರೆಡ್ ಆಕ್ಸೈಡ್ ನೆಲ, ಸುಣ್ಣದ ಗೋಡೆ. ಹೋದ ವರ್ಷ ಅದನ್ನು ಕೆಡವಿದೆವು. ಮೂರು ಮಹಡಿ ಎಬ್ಬಿಸಿದರೆ ಬಾಡಿಗೆಯಲ್ಲೇ ಲೋನ್ ತೀರುತ್ತೆ ಅನ್ನೋದು ಅಪ್ಪನ ಲೆಕ್ಕ. ಲೆಕ್ಕ ತಪ್ಪಲ್ಲ. ಆದರೆ ಬಸವೇಶ್ವರನಗರದ ಬಾಡಿಗೆ ಮನೆಯಲ್ಲಿ ಅಜ್ಜಿ ರಾತ್ರಿ ಎದ್ದರೆ ಈಗಲೂ ಹಳೇ ಮನೆಯ ಬಚ್ಚಲಿನ ದಿಕ್ಕಿಗೇ ತಿರುಗುತ್ತಾರೆ. ಅದಕ್ಕೇ ಆ ಮನೆಯನ್ನು ಯೂನಿಟಿ ಗೇಮ್ ಎಂಜಿನ್‌ನಲ್ಲಿ ಮತ್ತೆ ಕಟ್ಟಲು ಕೂತೆ.

ಬೆಳಕನ್ನು ಹುರಿದಿಡೋದು

ಗೇಮ್‌ನಲ್ಲಿ ಬೆಳಕು ಅಂದರೆ ಲೆಕ್ಕ. ಕಿಟಕಿಯಿಂದ ಬಂದ ಬಿಸಿಲು ನೆಲಕ್ಕೆ ಬಿದ್ದು, ಅಲ್ಲಿಂದ ಗೋಡೆಗೆ, ಗೋಡೆಯಿಂದ ಸೂರಿಗೆ ಚಿಮ್ಮುತ್ತೆ. ಸೆಕೆಂಡಿಗೆ 30 ಸಲ ಈ ಪೂರ್ತಿ ಲೆಕ್ಕ ಮಾಡು ಅಂದರೆ ಅಜ್ಜಿಯ ಹಳೇ ಫೋನ್ ಬಿಸಿಯಾಗಿ ಕೂತುಬಿಡುತ್ತೆ.

ಹಾಗಾಗಿ ಒಂದು ಉಪಾಯ. ಅಮ್ಮ ಭಾನುವಾರ ಸಾರಿನ ಪುಡಿ ಹುರಿದು ಡಬ್ಬಿಗೆ ಹಾಕಿಟ್ಟರೆ ವಾರವಿಡೀ ಹತ್ತು ನಿಮಿಷಕ್ಕೆ ಸಾರು. ಲೈಟ್‌ಮ್ಯಾಪ್ ಬೇಕಿಂಗ್ ಕೂಡ ಹಾಗೇ. ಬೆಳಕಿನ ಲೆಕ್ಕವನ್ನು ಲ್ಯಾಪ್‌ಟಾಪ್ ಮೊದಲೇ ಮಾಡಿ, ಒಂದು ಚಿತ್ರವಾಗಿ ಉಳಿಸುತ್ತೆ. ಫೋನ್ ಆ ಚಿತ್ರವನ್ನು ಗೋಡೆ, ನೆಲಕ್ಕೆ ಅಂಟಿಸಿ ತೋರಿಸಿದರೆ ಸಾಕು. ಇದು ಹಳೇ ಕಲೆ. 1996ರ ‘ಕ್ವೇಕ್’ ಗೇಮ್‌ನ ನೆರಳು-ಬೆಳಕೂ ಹೀಗೆ ಮೊದಲೇ ಲೆಕ್ಕ ಹಾಕಿಟ್ಟದ್ದೇ.

ಎಷ್ಟು ನುಣುಪಾಗಿ ಬೇಯಿಸಬೇಕು ಅನ್ನೋದಕ್ಕೂ ಬೆಲೆ ಇದೆ. ನಮ್ಮ ಹಾಲ್ 4 ಮೀಟರ್ ಅಗಲ, 5 ಮೀಟರ್ ಉದ್ದ. ಮೀಟರಿಗೆ 20 ಚುಕ್ಕಿ ಇಟ್ಟರೆ ನೆಲಕ್ಕೇ 8,000 ಚುಕ್ಕಿ. 40 ಮಾಡಿದರೆ 32,000. ಅಂದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ತಪ್ಪು ನನ್ನದೇ

ಅಜ್ಜಿ ಹೇಳಿದ ಹಾಗೆ ಕಿಟಕಿಯನ್ನು ಎರಡು ಅಡಿ ಸರಿಸಿದೆ. ಗೋಡೆ ಅಂದರೆ ಇಲ್ಲಿ ಮೆಶ್, ತ್ರಿಕೋನಗಳಿಂದ ಹೆಣೆದ ಬಲೆ. ಯೂನಿಟಿಯ ಪ್ರೊಬಿಲ್ಡರ್‌ನಲ್ಲಿ ಅಂಚು ಹಿಡಿದು ಎಳೆದರೆ ಆಯಿತು. ನೋಡಿದರೆ ಕಿಟಕಿ ಹೊಸ ಜಾಗದಲ್ಲಿ, ಬಿಸಿಲಿನ ಚೌಕ ಮಾತ್ರ ನೆಲದ ಮೇಲೆ ಹಳೇ ಜಾಗದಲ್ಲೇ! ಬೇಕ್ ಆದ ಬೆಳಕಿಗೆ ಕಿಟಕಿ ಸರಿದದ್ದು ಗೊತ್ತೇ ಇಲ್ಲ. ಅದು ಬರೀ ಚಿತ್ರ.

ಮತ್ತೆ ಬೇಕ್ ಮಾಡಿದೆ. ಈ ಸಲ ಗೋಡೆಯ ಮೇಲೆ ಕಪ್ಪು ಮಚ್ಚೆಗಳು. ಕಾರಣ ಹುಡುಕಲು ಎರಡು ದಿನ ಹಿಡಿಯಿತು.

ಲೈಟ್‌ಮ್ಯಾಪ್ ಅಂಟಿಸಬೇಕಾದರೆ ಮೆಶ್ಶನ್ನು ಮೊದಲು ಬಿಚ್ಚಿ ಹರವಬೇಕು, ಸ್ವೀಟ್ ಬಾಕ್ಸನ್ನು ಬಿಚ್ಚಿ ಚಪ್ಪಟೆ ಮಾಡಿದ ಹಾಗೆ. ಇದಕ್ಕೆ ಯುವಿ ಅಂತಾರೆ. ಬಣ್ಣದ ಯುವಿಯಲ್ಲಿ ಎರಡು ಭಾಗ ಒಂದರ ಮೇಲೊಂದು ಬಂದರೂ ನಡೆಯುತ್ತೆ. ಇಟ್ಟಿಗೆಯ ಚಿತ್ರವನ್ನು ನೂರು ಕಡೆ ಬಳಸಬಹುದಲ್ಲ. ಬೆಳಕಿನ ಯುವಿಯಲ್ಲಿ ಅದು ಸಲ್ಲದು. ಎರಡು ಭಾಗ ಒಂದೇ ಜಾಗ ಹಂಚಿಕೊಂಡರೆ ಒಂದರ ನೆರಳು ಇನ್ನೊಂದಕ್ಕೆ ಮೆತ್ತುತ್ತೆ. ಕಿಟಕಿ ಸರಿಸುವಾಗ ನಾನು ಗೋಡೆಗೆ ಹೊಸ ತುಂಡು ಸೇರಿಸಿದ್ದೆ, ಬೆಳಕಿನ ಯುವಿಯನ್ನು ಮತ್ತೆ ಮಾಡಿಸೋದು ಮರೆತಿದ್ದೆ. ಅದನ್ನು ಹೊಸದಾಗಿ ಮಾಡಿಸಿ, ತುಂಡುಗಳ ನಡುವೆ ಸ್ವಲ್ಪ ಜಾಗ ಬಿಡಿಸಿದ ಮೇಲೆ ಮಚ್ಚೆ ಹೋಯಿತು.

ಇನ್ನೂ ಒಂದು ಉಳಿದಿತ್ತು. ಮೂಲೆಗಳಲ್ಲಿ ಬೆಳಕು ಸೋರುತ್ತಿತ್ತು. ನಾನು ಗೋಡೆಗಳನ್ನು ಹಾಳೆಯಷ್ಟು ತೆಳ್ಳಗೆ ಮಾಡಿದ್ದೆ. ಅಪ್ಪನಿಗೆ ತೋರಿಸಿದೆ. “ನಮ್ಮದು ಒಂಬತ್ತಿಂಚಿನ ಗೋಡೆ ಕಣೋ” ಅಂದರು. ಒಂಬತ್ತಿಂಚು ದಪ್ಪ ಕೊಟ್ಟೆ, ಸೋರೋದು ನಿಂತಿತು.

ನಮ್ಮೂರಿಗೆ ಹೊಸದಲ್ಲ

ಈ ವಿದ್ಯೆ ಬೆಂಗಳೂರಿಗೆ ಹೊಸದೇನಲ್ಲ. ರಾಜೇಶ್ ರಾವ್ ಅವರ ಧ್ರುವ ಇಂಟರಾಕ್ಟಿವ್ 1990ರ ದಶಕದಲ್ಲೇ ಇಲ್ಲಿ ಗೇಮ್ ಕೆಲಸಕ್ಕೆ ಇಳಿದಿತ್ತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಕಟ್ಟಡ ಉಳಿಸಿಕೊಳ್ಳಲು 3ಡಿ ಬಳಸೋದೂ ಹೊಸದಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆಯೊಂದರಲ್ಲಿ ಹಂಪಿಯನ್ನೇ ಡಿಜಿಟಲ್ ರೂಪಕ್ಕೆ ತರುವ ಕೆಲಸ ನಡೆದಿದೆ. 2017ರಲ್ಲಿ ‘ಡಿಜಿಟಲ್ ಹಂಪಿ’ ಅನ್ನೋ ಪುಸ್ತಕವೂ ಬಂತು. ಹಂಪಿಗೆ ಇಲಾಖೆ ಇದೆ. ರಾಜಾಜಿನಗರದ 30-40 ಮನೆಗೆ ಅದರಲ್ಲಿ ಬೆಳೆದವರೇ ದಿಕ್ಕು.

ಈಗ ಅನ್‌ರಿಯಲ್ ಎಂಜಿನ್ 5ರ ಲುಮೆನ್‌ನಂಥವು ಬೇಕ್ ಮಾಡದೆಯೇ ಆಗಿಂದಾಗ್ಗೆ ಬೆಳಕಿನ ಲೆಕ್ಕ ಹಾಕುತ್ತವೆ. ಕಿಟಕಿ ಸರಿಸಿದರೆ ಬಿಸಿಲೂ ಸರಿಯುತ್ತೆ. ಆದರೆ ಅದಕ್ಕೆ ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಬೇಕು. ಅಜ್ಜಿಯ ಫೋನಿಗೆ ಇನ್ನೂ ಹುರಿದಿಟ್ಟ ಪುಡಿಯೇ ಗತಿ.

ಅಜ್ಜಿ ಏನಂದ್ರು?

ಕೊನೇ ಬೇಕ್ ರಾತ್ರಿಯಿಡೀ ಓಡಿತು. ಬೆಳಿಗ್ಗೆ ಫೋನ್ ಕೊಟ್ಟೆ. ಕಿಟಕಿ ಬಾಗಿಲ ಪಕ್ಕ, ಬಿಸಿಲು ಕೆಂಪು ನೆಲದ ಮೇಲೆ. ನೆಲಕ್ಕೆ ಬಿದ್ದ ಬಿಸಿಲು ಚಿಮ್ಮಿ, ಬಿಳಿ ಗೋಡೆಯ ಕೆಳಗಿನ ಭಾಗ ತುಸು ಕೆಂಪಗಾಗಿತ್ತು. ಆ ಬಣ್ಣ ನಾನು ಹಚ್ಚಿದ್ದಲ್ಲ, ಲೆಕ್ಕದಿಂದ ತಾನೇ ಬಂದದ್ದು.

ಅಜ್ಜಿ ಬೆರಳಿಂದ ಆ ಗೋಡೆ ಮುಟ್ಟಿದರು. “ಹ್ಞಾ, ಎಂಟು ಗಂಟೆಗೆ ಹೀಗೇ ಇರ್ತಿತ್ತು. ನಿಮ್ಮ ತಾತ ಸುಣ್ಣ ಹೊಡೆಸಿದ್ರೂ ಕೆಂಪು ಹೋಗಿಲ್ಲ ಅಂತ ಬೈಕೊಳ್ತಿದ್ರು.” ಈ ಮಾತು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಿಮ್ಮ ಮನೆಯೂ ಈ ವರ್ಷ ಕೆಡವೋ ಪಟ್ಟಿಯಲ್ಲಿದೆಯಾ? ವಿಜಯನಗರ, ಕೆಂಗೇರಿ, ಎಲ್ಲಿದ್ದರೂ ಸರಿ, ಒಂದು ಭಾನುವಾರ ಕೊಡಿ. ಟೇಪ್ ಹಿಡಿದು ಗೋಡೆಯ ದಪ್ಪ, ಕಿಟಕಿಯಿಂದ ಬಾಗಿಲಿಗಿರೋ ದೂರ ಬರೆದಿಡಿ. ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 5ಕ್ಕೆ ಒಂದೇ ಜಾಗದಿಂದ ಫೋಟೋ ತೆಗೆಯಿರಿ. ಕಿಟಕಿ ಯಾವ ದಿಕ್ಕಿಗಿದೆ ಅಂತ ಗುರುತು ಮಾಡಿ. ಗೇಮ್ ಎಂಜಿನ್ ಆಮೇಲೆ ಕಲಿತರಾಯಿತು, ಜೆಸಿಬಿ ಕಾಯಲ್ಲ.

ನಾನು ಅಡುಗೆಮನೆಯ ಗೂಡು ಅಳೆಯೋದು ಮರೆತಿದ್ದೆ. ಅಜ್ಜಿಯನ್ನು ಕೇಳಿದೆ. ಕೈ ಚಾಚಿ ತೋರಿಸಿದರು: ಒಂದು ಮೊಳ, ಮೇಲೆ ನಾಲ್ಕು ಬೆರಳು. ಅವರ ಕೈಯನ್ನೇ ಟೇಪಿನಿಂದ ಅಳೆದುಕೊಂಡೆ.