ಖಾರದ ಚೀಸ್ ಆಮ್ಲೆಟ್: ಉರಿ ಸಣ್ಣದಿರಲಿ, ಮೆಣಸಿನಕಾಯಿ ಮೊದಲು ಬಾಡಲಿ

ಆಮ್ಲೆಟ್ ಹಾಕಲು ಬಾರದವರು ವಿರಳ. ಅಡುಗೆಮನೆಯತ್ತ ಸುಳಿಯದ ಗಂಡಸರೂ, ಬಾಡಿಗೆ ಕೋಣೆಯಲ್ಲಿ ದಿನ ಕಳೆಯುವ ವಿದ್ಯಾರ್ಥಿಗಳೂ ಮೊದಲು ಕಲಿಯುವ ಅಡುಗೆ ಬಹುಶಃ ಇದೇ. ಆದರೆ ಅದಕ್ಕೆ ಚೀಸ್ ಸೇರಿಸಿದೊಡನೆ ಕತೆ ಬೇರೆಯಾಗುತ್ತದೆ. ಮೊಟ್ಟೆ ರಬ್ಬರಿನಂತಾಗುತ್ತದೆ, ಚೀಸ್ ಕಾವಲಿಗೆ ಅಂಟಿ ಕರಕಲಾಗುತ್ತದೆ, ಮೂರು ಮೆಣಸಿನಕಾಯಿ ಹೆಚ್ಚಿ ಹಾಕಿದ್ದರೂ ಖಾರ ನಾಲಿಗೆಗೆ ಸಿಗುವುದಿಲ್ಲ, ಉಪ್ಪು ಮಾತ್ರ ಮುಂದಾಗಿರುತ್ತದೆ. ಈ ನಾಲ್ಕು ದೋಷಗಳಿಗೂ ಕಾರಣಗಳುಂಟು.

ಮೊದಲನೆಯದು ಉರಿ. ಮೊಟ್ಟೆಯ ಬಿಳಿಭಾಗವು ಸುಮಾರು 62 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಗಟ್ಟಿಯಾಗತೊಡಗುತ್ತದೆ. ಹಳದಿಭಾಗಕ್ಕೆ 65ರಿಂದ 70 ಡಿಗ್ರಿ ಬೇಕು. ಎರಡನ್ನೂ ಕೂಡಿಸಿ ಕಲಕಿದ ಮಿಶ್ರಣ 73 ಡಿಗ್ರಿಯ ಆಸುಪಾಸಿನಲ್ಲಿ ಹದವಾಗಿ ಕಟ್ಟುತ್ತದೆ. ಅದನ್ನು ಮೀರಿ ಕಾಯಿಸಿದರೆ ಪ್ರೋಟೀನಿನ ಎಳೆಗಳು ಬಿಗಿದುಕೊಂಡು ತಮ್ಮೊಳಗಿನ ನೀರನ್ನು ಹಿಂಡಿ ಹೊರಹಾಕುತ್ತವೆ. ತಟ್ಟೆಯಲ್ಲಿ ಆಮ್ಲೆಟ್‌ನ ಅಡಿಯಿಂದ ಒಸರುವ ನೀರು ಇದೇ. ನಮ್ಮ ಮನೆಗಳಲ್ಲಿ ದೋಸೆ ಹುಯ್ಯುವ ಅಭ್ಯಾಸವೇ ಇಲ್ಲಿ ಅಡ್ಡಿಯಾಗುತ್ತದೆ. ನೀರು ಚಿಮುಕಿಸಿದರೆ ‘ಚುಂಯ್’ ಎನ್ನುವಷ್ಟು ಕಾದ ಕಾವಲಿ ದೋಸೆಗೆ ಸರಿ, ಚೀಸ್ ಆಮ್ಲೆಟ್‌ಗೆ ಸಲ್ಲದು. ರಸ್ತೆಬದಿಯ ಗಾಡಿಯವನು ದೊಡ್ಡ ಉರಿಯಲ್ಲಿ ಅಂಚು ಕೆಂಪಗೆ ಗರಿಗರಿಯಾಗುವಂತೆ ಹಾಕಿಕೊಡುವ ಆಮ್ಲೆಟ್‌ನ ರುಚಿಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರಲ್ಲಿ ಚೀಸ್ ಇಲ್ಲ ಎಂಬುದನ್ನು ಮರೆಯಬಾರದು.

ಇನ್ನು ಚೀಸ್‌ನ ವಿಚಾರ. ನಿಘಂಟುಗಳು ಇದಕ್ಕೆ ‘ಗಿಣ್ಣು’ ಎಂಬ ಅರ್ಥ ಕೊಡುವುದುಂಟು. ಆದರೆ ಈದ ಹಸುವಿನ ಮೊದಲ ದಿನಗಳ ಹಾಲಿನಿಂದ ಮಾಡುವ ನಮ್ಮ ಗಿಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಚೀಸ್ ಎಂದೇ ಕರೆಯುವುದು ಲೇಸು. ಅಂಗಡಿಯಲ್ಲಿ ಅಮುಲ್, ಬ್ರಿಟಾನಿಯ ಮುಂತಾದ ಹೆಸರುಗಳಲ್ಲಿ ಸಣ್ಣ ಚೌಕಗಳಾಗಿ ದೊರೆಯುವುದು ಸಂಸ್ಕರಿಸಿದ ಚೀಸ್. ಸಾಂಪ್ರದಾಯಿಕ ಚೀಸನ್ನು ಹೆಚ್ಚು ಕಾಯಿಸಿದರೆ ಕೊಬ್ಬು ಬೇರ್ಪಟ್ಟು ಎಣ್ಣೆ ತೇಲುತ್ತದೆ. ಸ್ವಿಟ್ಜರ್‌ಲೆಂಡಿನ ವಾಲ್ಟರ್ ಗೆರ್ಬರ್ ಹಾಗೂ ಫ್ರಿಟ್ಜ್ ಸ್ಟೆಟ್ಲರ್ 1911ರಲ್ಲಿ ಸೋಡಿಯಂ ಸಿಟ್ರೇಟ್ ಬೆರೆಸಿ ಕಾಯಿಸುವ ವಿಧಾನ ಕಂಡುಕೊಂಡು ಈ ತೊಡಕನ್ನು ನಿವಾರಿಸಿದರು. ಚೀಸ್‌ನ ಪ್ರೋಟೀನನ್ನು ಹಿಡಿದಿಟ್ಟಿರುವ ಕ್ಯಾಲ್ಸಿಯಂ ಅನ್ನು ಈ ಲವಣ ಸೆಳೆದುಕೊಳ್ಳುವುದರಿಂದ ಕೊಬ್ಬು, ನೀರು, ಪ್ರೋಟೀನು ಒಂದಾಗಿ ನುಣ್ಣಗೆ ಕರಗುತ್ತವೆ. ಆದ್ದರಿಂದ ಆಮ್ಲೆಟ್‌ಗೆ ದುಬಾರಿ ಚೀಸ್ ಹುಡುಕಿಕೊಂಡು ಹೋಗಬೇಕಾಗಿಲ್ಲ. ಪನೀರ್ ಮಾತ್ರ ಬದಲಿಯಾಗಲಾರದು. ಹುಳಿ ಹಿಂಡಿ ಒಡೆದ ಹಾಲಿನಿಂದಾದ ಪನೀರ್ ಎಷ್ಟು ಕಾಯಿಸಿದರೂ ಕರಗುವುದಿಲ್ಲ.

ಕರಗಲು ನೆರವಾಗುವ ಆ ಲವಣಗಳಲ್ಲಿಯೂ ಸೋಡಿಯಂ ಇದೆ, ಚೀಸ್‌ಗೆ ಬೆರೆಸಿದ ಅಡುಗೆ ಉಪ್ಪಿನಲ್ಲಿಯೂ ಇದೆ. ವಯಸ್ಕರಿಗೆ ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚೆಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೀಗಿರುವಾಗ ಎಂದಿನ ಆಮ್ಲೆಟ್‌ಗೆ ಹಾಕುವಷ್ಟೇ ಉಪ್ಪನ್ನು ಇದಕ್ಕೂ ಹಾಕುವುದು ಉಚಿತವಲ್ಲ. ಒಂದು ಸಣ್ಣ ಚಿಟಿಕೆ ಸಾಕು. ರಕ್ತದೊತ್ತಡ ಉಳ್ಳವರು ಅದನ್ನೂ ಬಿಡಬಹುದು.

ಖಾರ ಎಲ್ಲಿ ಮಾಯವಾಗುತ್ತದೆ? ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಹಾಲಿನ ಪ್ರೋಟೀನಾದ ಕೇಸಿನ್ ಅದನ್ನು ನಾಲಿಗೆಯಿಂದ ಸೆಳೆದುಕೊಳ್ಳುತ್ತದೆ. ಖಾರದ ಊಟದ ನಡುವೆ ಬಾಯಿ ಉರಿದಾಗ ನೀರಿಗಿಂತ ಮಜ್ಜಿಗೆ ಹಿತವೆನಿಸುವುದು ಈ ಕಾರಣಕ್ಕೇ. ಚೀಸ್ ಎಂದರೆ ಕೊಬ್ಬು ಮತ್ತು ಕೇಸಿನ್‌ಗಳ ಗಟ್ಟಿಮುದ್ದೆ. ಅದು ಖಾರವನ್ನು ನುಂಗದೆ ಬಿಟ್ಟೀತೇ? ಮೆಣಸಿನಕಾಯಿಯ ಸಂಖ್ಯೆ ಹೆಚ್ಚಿಸುವುದು ಇದಕ್ಕೆ ಉಪಾಯವಲ್ಲ. ಇರುವುದನ್ನೇ ಮೊದಲು ಎಣ್ಣೆಯಲ್ಲಿ ಬಾಡಿಸಿಕೊಂಡರೆ ಖಾರವು ಎಣ್ಣೆಗಿಳಿದು ಆಮ್ಲೆಟ್‌ನ ಎಲ್ಲ ಭಾಗಕ್ಕೂ ಹರಡುತ್ತದೆ. ಖಾರ ಬೀಜದಲ್ಲಿದೆ ಎಂದು ಹಲವರು ನಂಬಿದ್ದಾರೆ. ನಿಜಕ್ಕೂ ಅದು ಹೆಚ್ಚಾಗಿರುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿ. ಅದನ್ನು ತೆಗೆಯಬಾರದು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಅರ್ಧ ಚಿಟಿಕೆ ಸೇರಿಸಿದರೆ ಬಣ್ಣ ಚೆನ್ನಾಗಿ ಬರುತ್ತದೆ, ಆದರೆ ಖಾರಕ್ಕೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಕಾಳುಮೆಣಸಿನ ಖಾರವಾದರೋ ಪೈಪರಿನ್ ಎಂಬ ಬೇರೆಯದೇ ವಸ್ತುವಿನಿಂದ ಬರುವುದು. ಕೊನೆಯಲ್ಲಿ ತುಸು ಉದುರಿಸಿದರೆ ಘಮವೂ ಇರುತ್ತದೆ.

ಒಬ್ಬರಿಗೆ ಎರಡು ಮೊಟ್ಟೆ, ಸುಮಾರು 20 ಗ್ರಾಂ ತುರಿದ ಚೀಸ್, ಒಂದು ಸಣ್ಣ ಈರುಳ್ಳಿ, ಎರಡು ಹಸಿಮೆಣಸಿನಕಾಯಿ, ಸ್ವಲ್ಪ ಕೊತ್ತಂಬರಿ ಸೊಪ್ಪು, ಎರಡು ಚಮಚೆ ಎಣ್ಣೆ ಅಥವಾ ಬೆಣ್ಣೆ ಸಾಕು. ಮೊಟ್ಟೆಗೆ ಚಿಟಿಕೆ ಉಪ್ಪು ಹಾಕಿ ಬಿಳಿಯ ಎಳೆಗಳು ಕಾಣದಂತೆ ಕಲಕಿ ಹತ್ತು ಹದಿನೈದು ನಿಮಿಷ ಬಿಟ್ಟರೆ ಆಮ್ಲೆಟ್ ಮೃದುವಾಗುತ್ತದೆ. ಅಷ್ಟರಲ್ಲಿ ಸಣ್ಣಗೆ ಹೆಚ್ಚಿದ ಈರುಳ್ಳಿ, ಮೆಣಸಿನಕಾಯಿಗಳನ್ನು ಅರ್ಧದಷ್ಟು ಎಣ್ಣೆಯಲ್ಲಿ ಬಾಡಿಸಿ, ಆರಿಸಿ, ಆ ಎಣ್ಣೆಯ ಸಮೇತ ಮೊಟ್ಟೆಗೆ ಬೆರೆಸಿ. ಈರುಳ್ಳಿಯ ನೀರು ಆರುವುದರಿಂದ ಆಮ್ಲೆಟ್ ಹರಿಯುವುದೂ ತಪ್ಪುತ್ತದೆ. ಟೊಮೆಟೊ ಬೇಕೆನ್ನುವವರು ಬೀಜದ ರಸ ತೆಗೆದು ಹಾಕಲಿ.

ಅಗಲವಾದ ದೋಸೆ ಕಾವಲಿಗಿಂತ ಏಳೆಂಟು ಅಂಗುಲದ, ಅಂಚುಳ್ಳ ಬಾಣಲೆ ಮೇಲು. ಉಳಿದ ಎಣ್ಣೆ ಹಾಕಿ, ಉರಿ ತಗ್ಗಿಸಿ, ಮಿಶ್ರಣ ಸುರಿಯಿರಿ. ಕಟ್ಟಿದ ಅಂಚನ್ನು ಸಟ್ಟುಗದಿಂದ ಒಳಕ್ಕೆಳೆದು, ಮೇಲಿನ ದ್ರವವು ಖಾಲಿ ಜಾಗಕ್ಕೆ ಹರಿಯುವಂತೆ ಮಾಡಿ. ಅಡಿ ಕಟ್ಟಿ, ಮೇಲ್ಭಾಗ ಇನ್ನೂ ಹಸಿಯಾಗಿ ಹೊಳೆಯುತ್ತಿರುವಾಗ ಅರ್ಧಭಾಗದ ಮೇಲೆ ಮಾತ್ರ ಚೀಸ್ ಉದುರಿಸಿ, ಮುಚ್ಚಳ ಮುಚ್ಚಿ, ಅತಿ ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಬಿಡಿ. ಈ ಮುಚ್ಚಳವೇ ಮುಖ್ಯ. ಒಳಗಿನ ಹಬೆಯು ಚೀಸನ್ನು ಕರಗಿಸುತ್ತದೆ, ತಳವನ್ನು ಗಟ್ಟಿಯಾಗಿಸದೆ ಮೇಲ್ಭಾಗವನ್ನು ಬೇಯಿಸುತ್ತದೆ. ಹಸಿಮೊಟ್ಟೆಯಲ್ಲಿರಬಹುದಾದ ಸಾಲ್ಮೊನೆಲ್ಲ ರೋಗಾಣು ನಾಶವಾಗಲು 71 ಡಿಗ್ರಿ ತಲುಪಬೇಕು. ಮಕ್ಕಳು, ಗರ್ಭಿಣಿಯರು, ವೃದ್ಧರು ಇರುವ ಮನೆಯಲ್ಲಿ ವಿದೇಶೀ ಹೋಟೆಲುಗಳ ಶೈಲಿಯ ಅರೆಬೆಂದ ಆಮ್ಲೆಟ್ ಬೇಡವೇ ಬೇಡ. ದ್ರವ ಕಾಣದಾದ ಮೇಲೆ ಖಾಲಿ ಅರ್ಧವನ್ನು ಚೀಸ್‌ನ ಮೇಲೆ ಮಡಚಿ, ಕಾಳುಮೆಣಸಿನ ಪುಡಿ, ಕೊತ್ತಂಬರಿ ಉದುರಿಸಿ ಇಳಿಸಿ.

ಕೊಲೆಸ್ಟರಾಲ್‌ಗೆ ಅಂಜಿ ಹಳದಿಭಾಗವನ್ನು ಎಸೆದು, ಬಿಳಿಭಾಗದ ಮೇಲೆ ಎರಡು ಪಟ್ಟು ಚೀಸ್ ಸುರಿಯುವವರಿದ್ದಾರೆ. ಇದು ವಿಚಿತ್ರ ಲೆಕ್ಕಾಚಾರ. ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲ್ ಎಂಬ ಮಿತಿಯನ್ನು ಅಮೆರಿಕದ ಆಹಾರ ಮಾರ್ಗಸೂಚಿಯಿಂದ 2015ರ ಆವೃತ್ತಿಯಲ್ಲಿ ಕೈಬಿಡಲಾಯಿತು. ಸಂತೃಪ್ತ ಕೊಬ್ಬಿನ ಮೇಲಿನ ಮಿತಿ ಮಾತ್ರ ಉಳಿದುಕೊಂಡಿತು. ಆ ಕೊಬ್ಬು ಧಾರಾಳವಾಗಿರುವುದು ಚೀಸ್‌ನಲ್ಲಿ. ಕಡಿಮೆ ಮಾಡುವುದಿದ್ದರೆ ಮೊದಲು ಚೀಸನ್ನು ಕಡಿಮೆ ಮಾಡಬೇಕು. ಹೃದ್ರೋಗ, ಸಕ್ಕರೆ ಕಾಯಿಲೆ ಇರುವವರು ವೈದ್ಯರ ಮಾತನ್ನು ಅನುಸರಿಸುವುದು ಒಳಿತು.

ಈ ಆಮ್ಲೆಟನ್ನು ಬಿಸಿಯಿರುವಾಗಲೇ ಬ್ರೆಡ್ ಅಥವಾ ಚಪಾತಿಯೊಡನೆ ತಿನ್ನಬೇಕು. ಆರಿದರೆ ಚೀಸ್ ಬಿಗಿದುಕೊಳ್ಳುತ್ತದೆ. ಮಕ್ಕಳ ಊಟದ ಡಬ್ಬಿಗಾದರೆ ಚೀಸ್ ಇಲ್ಲದ ಸಾದಾ ಮಸಾಲೆ ಆಮ್ಲೆಟ್ ಸಾಕು.