ಮಾತ್ರೆಯಿಂದ ಇನ್ಸುಲಿನ್ ಚುಚ್ಚುಮದ್ದಿಗೆ ಬದಲಾವಣೆ

ಮಾತ್ರೆಯಿಂದ ಇನ್ಸುಲಿನ್‌ಗೆ ಬದಲಾವಣೆ ಎಂದರೆ, ಎರಡನೆಯ ಬಗೆಯ ಮಧುಮೇಹದಲ್ಲಿ ಬಾಯಿಯ ಮೂಲಕ ಸೇವಿಸುವ ಔಷಧಿಗಳಿಂದ ರಕ್ತದ ಸಕ್ಕರೆ ಹತೋಟಿಗೆ ಬಾರದಿದ್ದಾಗ ವೈದ್ಯರು ಇನ್ಸುಲಿನ್ ಚುಚ್ಚುಮದ್ದನ್ನು ಆರಂಭಿಸುವ ಚಿಕಿತ್ಸಾ ಕ್ರಮ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಈ ರೋಗವನ್ನು ಸಾಮಾನ್ಯವಾಗಿ ‘ಸಕ್ಕರೆ ಕಾಯಿಲೆ’ ಎನ್ನುತ್ತಾರೆ. ಚುಚ್ಚುಮದ್ದು ಆರಂಭವಾದರೆ ಕಾಯಿಲೆ ಕೊನೆಯ ಹಂತ ಮುಟ್ಟಿದೆ ಎಂಬ ಭಾವನೆ ನಾಡಿನ ಇತರೆಡೆಗಳಂತೆ ಇಲ್ಲಿಯೂ ಇದೆ. ಇದು ಸರಿಯಲ್ಲ.

ಹಿನ್ನೆಲೆ

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಅದನ್ನು ಮೊದಲ ಬಾರಿಗೆ ರೋಗಿಯೊಬ್ಬನಿಗೆ ನೀಡಲಾಯಿತು. ಬ್ಯಾಂಟಿಂಗ್ ಅವರ ಜನ್ಮದಿನವಾದ ನವೆಂಬರ್ 14 ವಿಶ್ವ ಮಧುಮೇಹ ದಿನವಾಗಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ.

ಬದಲಾವಣೆಗೆ ಕಾರಣ

ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ನನ್ನು ಸ್ರವಿಸುತ್ತವೆ. ಮಧುಮೇಹ ಪತ್ತೆಯಾಗುವ ವೇಳೆಗೇ ಇವುಗಳ ಸಾಮರ್ಥ್ಯ ಸಾಕಷ್ಟು ಕುಗ್ಗಿರುತ್ತದೆ. ವರ್ಷಗಳು ಕಳೆದಂತೆ ಇನ್ನಷ್ಟು ಕುಗ್ಗುತ್ತದೆ. ಗ್ಲಿಮೆಪಿರೈಡ್‌ನಂತಹ ಮಾತ್ರೆಗಳು ಈ ಕೋಶಗಳನ್ನು ಪ್ರಚೋದಿಸಿ ಕೆಲಸ ಮಾಡಿಸುವುದರಿಂದ, ಕೋಶಗಳೇ ಸೊರಗಿದಾಗ ಅವುಗಳ ಪ್ರಭಾವ ಇಳಿಯುತ್ತದೆ. ಆದ್ದರಿಂದ ಇನ್ಸುಲಿನ್ ಬೇಕಾಗುವುದು ಬಹುಮಟ್ಟಿಗೆ ರೋಗದ ಸಹಜ ಗತಿಯೇ ಹೊರತು ರೋಗಿಯ ತಪ್ಪಲ್ಲ. ಹೆದರಿ ಮುಂದೂಡಿದಷ್ಟು ಕಾಲ ಕಣ್ಣು, ಮೂತ್ರಪಿಂಡ ಮತ್ತು ಪಾದದ ನರಗಳಿಗೆ ಹಾನಿಯಾಗುತ್ತಿರುತ್ತದೆ. ಗರ್ಭಧಾರಣೆ, ಶಸ್ತ್ರಚಿಕಿತ್ಸೆ ಅಥವಾ ತೀವ್ರ ಸೋಂಕಿನ ಸಂದರ್ಭಗಳಲ್ಲಿ ತಾತ್ಕಾಲಿಕವಾಗಿಯೂ ಇನ್ಸುಲಿನ್ ನೀಡುವುದುಂಟು.

ಆರಂಭಿಸುವ ಕ್ರಮ

ಸಾಮಾನ್ಯವಾಗಿ ದಿನಕ್ಕೊಮ್ಮೆ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ನನ್ನು ಸುಮಾರು 10 ಯೂನಿಟ್ಟಿನಿಂದ ಆರಂಭಿಸಿ, ಬೆಳಗಿನ ಬರಿಹೊಟ್ಟೆಯ ಸಕ್ಕರೆಯ ಮಟ್ಟ ನೋಡಿ ವೈದ್ಯರು ಪ್ರಮಾಣವನ್ನು ಹೊಂದಿಸುತ್ತಾರೆ. ಮೆಟ್‌ಫಾರ್ಮಿನ್ ಮಾತ್ರೆಯನ್ನು ಹೆಚ್ಚಾಗಿ ಮುಂದುವರಿಸಲಾಗುತ್ತದೆ. ಹೊಟ್ಟೆ, ತೊಡೆ, ತೋಳಿನ ಹಿಂಭಾಗ ಅಥವಾ ಪೃಷ್ಠದ ಚರ್ಮದ ಕೆಳಗೆ ಚುಚ್ಚಬೇಕು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಚುಚ್ಚಿದರೆ ಗಂಟು ಕಟ್ಟಿ ಔಷಧಿ ಸರಿಯಾಗಿ ಹೀರಲ್ಪಡುವುದಿಲ್ಲ.

ಭಾರತದಲ್ಲಿ ದೊರೆಯುವ ಸೀಸೆಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವವು ಹೆಚ್ಚು ಬಳಕೆಯಲ್ಲಿವೆ. 100 ಯೂನಿಟ್ಟಿನವೂ ಉಂಟು. ಸೀಸೆಗೆ ತಕ್ಕ ಸಿರಿಂಜನ್ನೇ ಬಳಸಬೇಕು. 40ರ ಸಿರಿಂಜಿನಲ್ಲಿ 100ರ ಔಷಧಿಯನ್ನು 10ರ ಗೆರೆಯವರೆಗೆ ಎಳೆದುಕೊಂಡರೆ ದೇಹಕ್ಕೆ 25 ಯೂನಿಟ್ ಸೇರುತ್ತದೆ. ಇದು ಪ್ರಾಣಾಪಾಯಕಾರಿ.

ಸಂಗ್ರಹಣೆ

ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು, ಹೆಪ್ಪುಗಟ್ಟಿದ್ದನ್ನು ಬಳಸಬಾರದು. ಬಳಕೆಯಲ್ಲಿರುವ ಸೀಸೆಯನ್ನು ತಂಪಾದ ಸ್ಥಳದಲ್ಲಿ ಸುಮಾರು 4 ವಾರ ಇಡಬಹುದು. ಪಾವಗಡ, ಶಿರಾಗಳಂತಹ ಒಣ ಪ್ರದೇಶದ ಬೇಸಿಗೆಯಲ್ಲಿ ಫ್ರಿಜ್ ಇಲ್ಲದ ಮನೆಯವರು ಒಣ ಡಬ್ಬಿಯಲ್ಲಿ ಸೀಸೆಯನ್ನಿಟ್ಟು, ನೀರಿನ ಮಣ್ಣಿನ ಮಡಕೆಯಲ್ಲಿ ಇರಿಸಿ ತಂಪಾಗಿ ಕಾಪಾಡಬಹುದು. ನೀರು ಆವಿಯಾಗುವಾಗ ಒಳಗಿನ ಉಷ್ಣತೆ ಇಳಿಯುತ್ತದೆ.

ಸಕ್ಕರೆ ಕುಸಿತ

ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಇಳಿದಾಗ ಬೆವರು, ನಡುಕ, ಹಸಿವು, ಗೊಂದಲ ಉಂಟಾಗುತ್ತವೆ. ಚುಚ್ಚುಮದ್ದು ತೆಗೆದುಕೊಂಡು ಊಟ ತಪ್ಪಿಸಿ ಕಡಲೆಕಾಯಿ ಹೊಲದಲ್ಲಿ ದುಡಿಯುವವರಲ್ಲಿ ಇದರ ಸಾಧ್ಯತೆ ಹೆಚ್ಚು. ಕೂಡಲೆ 15 ಗ್ರಾಂ, ಅಂದರೆ ಸುಮಾರು 3 ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿದು, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು.

ತಪ್ಪು ಕಲ್ಪನೆಗಳು

ಇನ್ಸುಲಿನ್ ಚಟವಾಗುವುದಿಲ್ಲ, ಅದು ದೇಹದಲ್ಲಿ ಸಹಜವಾಗಿ ಇರುವ ಹಾರ್ಮೋನು. ರಾಗಿಮುದ್ದೆಯಿಂದ ಸಕ್ಕರೆ ಏರುವುದಿಲ್ಲ ಎಂಬುದೂ ಸರಿಯಲ್ಲ. ಅದರಲ್ಲಿಯೂ ಪಿಷ್ಟವಿರುವುದರಿಂದ ಮುದ್ದೆಯ ಗಾತ್ರ ಮುಖ್ಯ. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ ಔಷಧೀಯ ಸಸ್ಯಗಳಿಗೆ ಹೆಸರಾಗಿದೆ. ಆದರೆ ಗಿಡಮೂಲಿಕೆಯನ್ನು ನಂಬಿ ಇನ್ಸುಲಿನ್ ನಿಲ್ಲಿಸುವುದು ಅಪಾಯಕರ. ಪ್ರಮಾಣವನ್ನು ಬದಲಿಸುವ ಅಥವಾ ನಿಲ್ಲಿಸುವ ನಿರ್ಧಾರ ವೈದ್ಯರದ್ದೇ ಆಗಿರಬೇಕು.